ಸೆಕೆಗೆ ಹಣ್ಣುನೊಣದ ಬಾಟಲಿ ಯಾಕೆ ಖಾಲಿ?

ಸುರತ್ಕಲ್‌ನ ಅಣ್ಣ ಕೇಳಿದ್ದು: ಫೈಟರ್ ಮೀನಿಗೆ ತಿನ್ನಿಸಲು ಬಾಟಲಿಯಲ್ಲಿ ಸಾಕಿದ ಹಣ್ಣುನೊಣ ಜನವರಿಯಲ್ಲಿ ದಪ್ಪಗಿತ್ತು, ಏಪ್ರಿಲ್‌ನಲ್ಲಿ ಸಣ್ಣಗಾಗಿದೆ. ಗಂಡುಗಳು ಹೆಣ್ಣಿನ ಹಿಂದೆ ಓಡುತ್ತಲೇ ಇವೆ, ಮೊಟ್ಟೆಯೊಡೆದು ಬರುವ ಮರಿಹುಳ ಮಾತ್ರ ಕಾಣುತ್ತಿಲ್ಲ. ನೊಣಕ್ಕೆ ಹಾಕುವ ಬಾಳೆಹಣ್ಣು, ಈಸ್ಟ್ ಬದಲಿಸಬೇಕಾ?

ಬೇಡ ಮಾರಾಯ್ರೇ, ತೊಂದರೆ ಸೆಕೆಯದ್ದು. ನಾವು ಸಾಮಾನ್ಯವಾಗಿ ಸಾಕುವ ಮೆಲನೊಗ್ಯಾಸ್ಟರ್ ಜಾತಿಗೆ 25 ಡಿಗ್ರಿ ಹದ. ಆಗ ಮೊಟ್ಟೆ ನೊಣವಾಗಲು ಸುಮಾರು 10 ದಿನ ಸಾಕು. 18ರಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ದಿನ ಹಿಡಿಯುತ್ತದೆ, ಆದರೆ ಮೈ ದೊಡ್ಡದಾಗುತ್ತದೆ. 30 ದಾಟಿದಲ್ಲಿ ಬೆಳೆದ ಗಂಡು ನೋಡಲು ಸರಿಯಾಗಿಯೇ ಇರುತ್ತದೆ. ಒಂದು ರೆಕ್ಕೆ ಚಾಚಿ, ನಡುಗಿಸಿ ಹಾಡುತ್ತದೆ, ಹೆಣ್ಣನ್ನು ಕೂಡುವುದೂ ಉಂಟು. ಆದರೆ ಅದಕ್ಕೆ ಮರಿ ಹುಟ್ಟಿಸುವ ಶಕ್ತಿ ಇರುವುದಿಲ್ಲ. ಹೆಣ್ಣು ಇಟ್ಟ ಮೊಟ್ಟೆ ಒಡೆಯದೆ ಹಾಗೇ ಉಳಿಯುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ.

ಬಾಟಲಿಗೆ ಒದ್ದೆ ಬಟ್ಟೆ ಸುತ್ತುವುದು ಘಟ್ಟದ ಮೇಲಿನವರಿಗೆ ಸರಿ. ನಮ್ಮಲ್ಲಿ ಗಾಳಿಯೇ ಒದ್ದೆ, ಅಷ್ಟೇನೂ ತಂಪಾಗುವುದಿಲ್ಲ. ಮೀನಿನ ಥರ್ಮೋಕೋಲ್ ಪೆಟ್ಟಿಗೆ ತನ್ನಿ, ಚೆನ್ನಾಗಿ ತೊಳೆಯಿರಿ. ಒಂದು ಮೂಲೆಯಲ್ಲಿ ಐಸ್ ಕಟ್ಟಿದ ನೀರಿನ ಬಾಟಲಿ, ಇನ್ನೊಂದು ಮೂಲೆಯಲ್ಲಿ ನೊಣದ ಬಾಟಲಿ, ನಡುವೆ ಥರ್ಮಾಮೀಟರ್. ಬೆಳಿಗ್ಗೆ ಸಂಜೆ ಐಸ್ ಬದಲಿಸಿ. 22ರಿಂದ 25ರ ಒಳಗೆ ನಿಂತರೆ ಸಾಕು. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಅಲ್ಲಿ ಬೆಳವಣಿಗೆಯೇ ನಿಲ್ಲುತ್ತದೆ. ಸೆಕೆಗೆ ತೀರಾ ಬೇಯದ ಗಂಡುಗಳು ತಂಪಿನಲ್ಲಿ ಕೆಲವು ದಿನ ಕಳೆದರೆ ಚೇತರಿಸಿಕೊಳ್ಳುತ್ತವೆ. ಹಾಗಾಗಿ ಹಳೆಯದನ್ನು ಕೂಡಲೇ ಎಸೆಯಬೇಡಿ.

ಕೆಳಗೆ ಕಮೆಂಟ್‌ನಲ್ಲಿ ಒಬ್ಬರು ದೊಡ್ಡ ಗಂಡುಗಳನ್ನೇ ಆರಿಸಿ ಬಿಡಿ ಅಂದಿದ್ದಾರೆ. ಅರ್ಧ ಸರಿ. ದೊಡ್ಡ ಗಂಡು ಬೇರೆ ಗಂಡುಗಳನ್ನು ಓಡಿಸುತ್ತದೆ, ಜಾಸ್ತಿ ಹೆಣ್ಣುಗಳನ್ನು ಕೂಡುತ್ತದೆ. ಆದರೆ ತಂಪಿನಿಂದ ಬಂದ ಗಾತ್ರ ಮರಿಗೆ ಹೋಗುವುದಿಲ್ಲ. ಮರಿ ಬೆಳೆದ ಬಾಟಲಿ ಬಿಸಿಯಾಗಿದ್ದರೆ ಅದು ಸಣ್ಣದೇ. ಹುಳ ಕಿಕ್ಕಿರಿದರೂ ಅಷ್ಟೇ, ತಿನ್ನಲು ಸಾಲದೆ ಕುಳ್ಳ ನೊಣಗಳು ಬರುತ್ತವೆ. ಸುಮ್ನೆ ಒಂದು ಬಾಟಲಿಗೆ ನೂರಾರು ನೊಣ ಸುರಿಯಬೇಡಿ.

ಆರಿಸುವಾಗ ಬಣ್ಣ ನಂಬಬೇಡಿ. ಗಂಡಿನ ಹೊಟ್ಟೆಯ ತುದಿ ಕಪ್ಪು ಅಂತಾರೆ, ನಿಜ. ಆದರೆ ತಂಪಿನಲ್ಲಿ ಬೆಳೆದ ಹೆಣ್ಣಿನ ತುದಿಯೂ ಕಪ್ಪಾಗುತ್ತದೆ. ಆಕಾರ ನೋಡಿ: ಗಂಡಿಗೆ ದುಂಡು, ಹೆಣ್ಣಿಗೆ ಚೂಪು. ಭೂತಗನ್ನಡಿ ಇದ್ದರೆ ಮುಂಗಾಲಿನಲ್ಲಿ ಸಣ್ಣ ಕಪ್ಪು ಬಾಚಣಿಗೆ ಕಾಣುತ್ತದೆ, ಅದು ಗಂಡಿಗೆ ಮಾತ್ರ.

ನಿಮ್ಮದು ಹಾರದ, ಮೋಟು ರೆಕ್ಕೆಯ ತಳಿಯಾ? ಹಾಗಾದರೆ ಹಾಡಲು ಬರದ ಗಂಡುಗಳು ಕೂಡಲು ತಡವಾಗುತ್ತದೆ, ಇನ್ನೂ ಸ್ವಲ್ಪ ಕಾಯಬೇಕು. ಯಾವ ತಳಿ, ಕೋಣೆಯಲ್ಲಿ ಮಧ್ಯಾಹ್ನ ಎಷ್ಟು ಡಿಗ್ರಿ ಅಂತ ಹಾಕಿ.