ಮೇಪಲ್ ಕೊಳ್ಳಲೇ, ಬರ್ಚ್ ಕೊಳ್ಳಲೇ?

ಪ್ರಶ್ನೆ: ಚರ್ಚಿನ ವಾದ್ಯವೃಂದದಲ್ಲಿ ಡ್ರಮ್ಸ್ ನುಡಿಸುತ್ತೇನೆ. ಬಳಸಿದ ಎರಡು ಸೆಟ್‌ಗಳನ್ನು ನೋಡಿಟ್ಟಿದ್ದೇನೆ. ಒಂದು ಮೇಪಲ್ ಮರದ್ದು, ಇನ್ನೊಂದು ಬರ್ಚ್ ಮರದ್ದು. ಮೇಪಲ್‌ನ ಬೆಲೆ ಹೆಚ್ಚು. ಆ ಹೆಚ್ಚಿನ ಹಣಕ್ಕೆ ತಕ್ಕಷ್ಟು ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆಯೇ? ನಮ್ಮ ಸಭಾಂಗಣದ ಮಾಡು ಎತ್ತರದಲ್ಲಿದೆ, ಪ್ರತಿಧ್ವನಿ ಬಹಳ.
– ಓದುಗರು, ಮಂಗಳೂರು

ಉತ್ತರ: ಗೊತ್ತಾಗುತ್ತದೆ, ಆದರೆ ಮಾರುವವರು ಹೇಳುವಷ್ಟು ಖಂಡಿತ ಅಲ್ಲ. ನಿಮ್ಮ ಸಭಾಂಗಣಕ್ಕಾದರೆ ನಾನು ಕಡಿಮೆ ಬೆಲೆಯ ಬರ್ಚನ್ನೇ ಆರಿಸುತ್ತೇನೆ.

ಕೋಲು ಬಿದ್ದಾಗ ಮುಖ್ಯವಾಗಿ ನುಡಿಯುವುದು ಮೇಲಿನ ಹೆಡ್ (ಬಿಗಿದ ತೆಳು ಹೊದಿಕೆ), ಕೆಳಗಿನ ಹೆಡ್ ಮತ್ತು ಅವೆರಡರ ನಡುವಿನ ಗಾಳಿ. ಶೆಲ್, ಅಂದರೆ ಡ್ರಮ್‌ನ ಮರದ ಗೋಡೆ, ತಾನೇ ನಾದ ಹೊರಡಿಸುವುದು ಅಲ್ಪ. ಹೆಡ್‌ನ ಕಂಪನದಲ್ಲಿ ಎಷ್ಟನ್ನು ಹಿಂದಕ್ಕೆ ಕೊಡಬೇಕು, ಎಷ್ಟನ್ನು ನುಂಗಬೇಕು ಎನ್ನುವುದರಲ್ಲಿ ಅದರ ಕೈವಾಡವಿದೆ. ಬಿಗಿಯಾದ, ದಪ್ಪ ಶೆಲ್ ಹೆಚ್ಚು ಹಿಂದಿರುಗಿಸುವುದರಿಂದ ಸದ್ದು ದೂರಕ್ಕೆ ಚುರುಕಾಗಿ ಹೋಗುತ್ತದೆ. ತೆಳು ಶೆಲ್ ಹೆಡ್‌ನ ಜೊತೆಗೆ ತಾನೂ ಅದುರುತ್ತದೆ, ನಾದ ತಗ್ಗಿ ತುಂಬಿಕೊಳ್ಳುತ್ತದೆ. ಹೀಗಾಗಿ ಒಂದೇ ಮೇಪಲ್‌ನಲ್ಲಿ 5 ಮಿ.ಮೀ. ಶೆಲ್ ಮತ್ತು 9 ಮಿ.ಮೀ. ಶೆಲ್‌ಗಳ ನಡುವೆ ಇರುವ ಅಂತರ, ಒಂದೇ ದಪ್ಪದ ಮೇಪಲ್ ಮತ್ತು ಬರ್ಚ್ ನಡುವಿನ ಅಂತರಕ್ಕಿಂತ ಹೆಚ್ಚಾಗಿಯೇ ಕೇಳಿಸಬಹುದು.

ಹಾಗಿದ್ದರೂ ಮರಗಳಿಗೆ ಅವುಗಳದೇ ಗುಣವಿದೆ. ಮೇಪಲ್‌ನಲ್ಲಿ ತಗ್ಗು, ನಡು, ಮೇಲು ಸ್ವರಗಳು ಸಮವಾಗಿ ಬರುತ್ತವೆ, ನಾದ ನಿಧಾನವಾಗಿ ಇಳಿಯುತ್ತದೆ. ಬರ್ಚ್‌ನಲ್ಲಿ ನಡುಸ್ವರಗಳು ಹಿಂದೆ ಸರಿದು, ಪೆಟ್ಟಿನ ಚುರುಕು ಮತ್ತು ತಳದ ಗುಮುಕು ಮುಂದೆ ಬರುತ್ತವೆ. ನಾದ ಬೇಗ ಮುಗಿಯುತ್ತದೆ. ಮೈಕ್ರೊಫೋನ್ ಮುಂದೆ ಇದು ಅನುಕೂಲ. ಅಮೆರಿಕದ ಡ್ರಮ್ ವಾದಕ ಸ್ಟೀವ್ ಗ್ಯಾಡ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಯಮಾಹಾ ರೆಕಾರ್ಡಿಂಗ್ ಕಸ್ಟಮ್ ಸೆಟ್ ಬರ್ಚ್‌ನದೇ. ಪ್ರತಿಧ್ವನಿಸುವ ಸಭಾಂಗಣದಲ್ಲಿ ನಾದ ಬೇಗ ಮುಗಿಯುವುದೇ ಲಾಭ, ಇಲ್ಲದಿದ್ದರೆ ಒಂದು ಪೆಟ್ಟು ಇನ್ನೊಂದರ ಮೇಲೆ ಕಲಸಿಕೊಳ್ಳುತ್ತದೆ. ಮಹಾಗನಿ ಇನ್ನೂ ತಗ್ಗು, ಮೃದು. ಆದರೆ ಅಗ್ಗದ ಸೆಟ್‌ಗಳಲ್ಲಿ ‘ಫಿಲಿಪೀನ್ ಮಹಾಗನಿ’ ಎಂದಿದ್ದರೆ ಅದು ಆಗ್ನೇಯ ಏಷ್ಯಾದ ಲುವಾನ್, ನಿಜವಾದ ಮಹಾಗನಿಯ ಬಳಗಕ್ಕೆ ಸೇರಿದ್ದಲ್ಲ.

ಎರಡು ಸೆಟ್‌ಗಳನ್ನು ಹೋಲಿಸುವಾಗ ನಾವು ಬರಿಯ ಮರವನ್ನು ಹೋಲಿಸುತ್ತಿರುವುದಿಲ್ಲ. 1960ರ ದಶಕದ ಲುಡ್ವಿಗ್ ಕಂಪನಿಯ ಡ್ರಮ್‌ಗಳ ಬೆಚ್ಚಗಿನ ನಾದವನ್ನು ಅದರ ಮಹಾಗನಿ–ಪಾಪ್ಲರ್ ಪದರಗಳ ಲೆಕ್ಕಕ್ಕೆ ಬರೆಯುವವರು ಬಹಳ. ಆ ಶೆಲ್‌ಗಳು ತೆಳು, ಅಂಚಿನ ಒಳಗೆ ಮೇಪಲ್ ಬಳೆ, ಹೆಡ್ ಕೂರುವ ಅಂಚು ದುಂಡಗೆ. ಈ ಮೂರರ ಪಾಲನ್ನೂ ಮರಕ್ಕೇ ಕೊಟ್ಟುಬಿಟ್ಟಿದ್ದೇವೆ. ಅಂಚು ಚೂಪಾಗಿದ್ದಷ್ಟೂ ಹೆಡ್ ಕಡಿಮೆ ಮರವನ್ನು ಮುಟ್ಟುತ್ತದೆ, ಸದ್ದು ಹೊಳಪಾಗುತ್ತದೆ. ದುಂಡಗಾದಷ್ಟೂ ಮೇಲುಸ್ವರಗಳು ತಣಿಯುತ್ತವೆ.

ಅದಕ್ಕೇ ಹೇಳುವುದು, ಬಳಸಿದ ಸೆಟ್ ಕೊಳ್ಳುವಾಗ ಮರದ ಹೆಸರಿಗಿಂತ ಮೊದಲು ಅಂಚು ನೋಡಿ. ಮಾರುವವರ ಒಪ್ಪಿಗೆ ಪಡೆದು ಒಂದು ಟಾಮ್‌ನ (ಸೆಟ್‌ನ ನಡುಗಾತ್ರದ ಡ್ರಮ್) ಎರಡೂ ಹೆಡ್‌ಗಳನ್ನು ಬಿಚ್ಚಿ. ಶೆಲ್ಲನ್ನು ಸಮತಟ್ಟಾದ ದಪ್ಪ ಗಾಜಿನ ಅಥವಾ ಗ್ರಾನೈಟ್ ಮೇಜಿನ ಮೇಲೆ ಕವುಚಿಟ್ಟು, ಒಳಗೆ ಮೊಬೈಲ್ ಟಾರ್ಚ್ ಹೊತ್ತಿಸಿ, ಕೋಣೆಯ ದೀಪ ಆರಿಸಿ. ಅಂಚಿನ ಸುತ್ತ ಕಣ್ಣಾಡಿಸಿದಾಗ ಎಲ್ಲಾದರೂ ಬೆಳಕಿನ ಗೆರೆ ಇಣುಕಿದರೆ ಅಲ್ಲಿ ಹೆಡ್ ಕೂರುವುದಿಲ್ಲ, ಎಷ್ಟು ತಿರುಗಿಸಿದರೂ ಶ್ರುತಿ ನಿಲ್ಲುವುದಿಲ್ಲ. ಬಳಿಕ ಅಂಚಿನ ಮೇಲೆ ಬೆರಳು ಎಳೆದುನೋಡಿ. ತಗ್ಗು, ಸೀಳು, ಪದರ ಬಿಟ್ಟ ಜಾಗ ಕೈಗೆ ಸಿಕ್ಕೀತು. ಕರಾವಳಿಯ ತೇವದಲ್ಲಿ ವರ್ಷಗಟ್ಟಲೆ ಇದ್ದ ಸೆಟ್ ಆದರೆ ಈ ಪರೀಕ್ಷೆಯನ್ನು ಯಾವ ಡ್ರಮ್‌ಗೂ ತಪ್ಪಿಸಬೇಡಿ.

ಉಳಿದ ಹಣವನ್ನು ಹೆಡ್‌ಗಳಿಗೆ ಹಾಕಿ. ಒಂದೇ ಪದರದ, ಇಂಚಿನ ಸಾವಿರ ಭಾಗಗಳಲ್ಲಿ ಹತ್ತು ಭಾಗ ದಪ್ಪದ ಲೇಪನದ ಹೆಡ್ ಮುಕ್ತವಾಗಿ ನುಡಿಯುತ್ತದೆ. ಎರಡು ಪದರದ್ದು ಹೆಚ್ಚು ಅಡಕ, ಹೆಚ್ಚು ಬಾಳಿಕೆ. ನಿಮ್ಮ ಟಾಮ್‌ಗಳಿಗೆ ಮೇಲೆ ಎರಡು ಪದರದ್ದು, ಕೆಳಗೆ ಒಂದು ಪದರದ್ದು ಹೊಂದುತ್ತದೆ. ಪ್ರತಿ ತಿರುಪಿನಿಂದ ಒಂದಿಂಚು ಒಳಗೆ ಮೆಲ್ಲಗೆ ತಟ್ಟಿ, ಎಲ್ಲ ಕಡೆಯೂ ಒಂದೇ ಸ್ವರ ಬರುವವರೆಗೆ ಹೊಂದಿಸಿ.

ಮೇಪಲ್‌ನ ಅಂಚು ನಿಖರವಾಗಿದ್ದು ಬರ್ಚ್‌ನದು ಕೆಟ್ಟಿದ್ದರೆ ಮಾತ್ರ ನನ್ನ ಸಲಹೆ ತಿರುಗುಮುರುಗು.

ಪ್ರಶ್ನೆ: ಮೃದಂಗವನ್ನು ಹಲಸಿನ ಒಂದೇ ದಿಮ್ಮಿಯಿಂದ ಕೊರೆಯುತ್ತಾರೆ. ಡ್ರಮ್‌ಗೆ ಮಾತ್ರ ತೆಳು ಪದರಗಳನ್ನು ಅಂಟಿಸುವುದೇಕೆ?
– ಓದುಗರು, ಮೈಸೂರು

ಉತ್ತರ: ಅಳತೆಯೇ ಕಾರಣ. ಕಾಲಿನಿಂದ ನುಡಿಸುವ ದೊಡ್ಡ ಬಾಸ್ ಡ್ರಮ್‌ನ ವ್ಯಾಸ ಸಾಮಾನ್ಯವಾಗಿ 22 ಇಂಚು. ಅಷ್ಟು ಅಗಲದ ದಿಮ್ಮಿಯನ್ನು ಕೊರೆದು ಗೋಡೆಯನ್ನು ಕೆಲವೇ ಮಿ.ಮೀ.ಗೆ ಇಳಿಸಿದರೆ ಒಣಗುವಾಗ ಬಿರಿಯುತ್ತದೆ, ಇಲ್ಲವೇ ಸೊಟ್ಟಗಾಗುತ್ತದೆ. ಪದರಗಳ ಎಳೆಗಳನ್ನು ಅಡ್ಡ–ನೀಟ ಜೋಡಿಸಿ ಅಂಟಿಸಿದರೆ ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ. ಒಂದೇ ಹಲಗೆಯನ್ನು ಹಬೆಯಲ್ಲಿ ಬಾಗಿಸಿದ ಸ್ನೇರ್‌ಗಳೂ (ಕೆಳಗೆ ತಂತಿ ಬಿಗಿದ ಚಿಕ್ಕ ಡ್ರಮ್) ಇವೆ, ಬೆಲೆ ಮಾತ್ರ ಬಹಳ.

ಮೃದಂಗದ ಗೋಡೆ ದಪ್ಪ, ಆಕಾರ ಪೀಪಾಯಿಯದು. ತಗ್ಗು ಶ್ರುತಿಗೆ ಸುಮಾರು 24 ಇಂಚು ಉದ್ದದ್ದು, ಹೆಚ್ಚು ಶ್ರುತಿಗೆ ಸುಮಾರು 22 ಇಂಚು ಉದ್ದದ್ದು ಎಂದು ವಾದಕರು ಬೇರೆ ಬೇರೆ ಮೃದಂಗ ಇಟ್ಟುಕೊಳ್ಳುತ್ತಾರೆ. ಅಲ್ಲಿಯೂ ಸ್ವರದ ಖಚಿತತೆ ಬರುವುದು ಬಲಮುಖದ ಕಪ್ಪು ಲೇಪವಾದ ಕರಣೆಯಿಂದ.