ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರೆಲ್ಲ ಒಂದೇ ಕಡೆ ಇದ್ದರಾ?

ಇಲ್ಲ. ಟೆನೆಸೀ ರಾಜ್ಯವನ್ನೇ ನೋಡಿ, ಅಲ್ಲಿ ಜಗಳ ಮನೆಯೊಳಗೇ ಇತ್ತು.

1861ರ ಜೂನ್ 8ರಂದು, ಅಮೆರಿಕದ ಒಕ್ಕೂಟ ಬಿಟ್ಟು ದಕ್ಷಿಣದ ರಾಜ್ಯಗಳ ಜೊತೆ ಸೇರಬೇಕೋ ಬೇಡವೋ ಅಂತ ಅಲ್ಲಿ ಮತದಾನ ನಡೆಯಿತು. ಹತ್ತಿ ಬೆಳೆಯುವ, ಗುಲಾಮರು ಜಾಸ್ತಿ ಇದ್ದ ಪಶ್ಚಿಮ ಭಾಗ 'ಬಿಡೋಣ' ಎಂದಿತು. ಗುಡ್ಡಗಾಡಿನ ಪೂರ್ವ ಭಾಗದಲ್ಲಿ ಸಣ್ಣ ರೈತರೇ ಹೆಚ್ಚು. ಅವರಲ್ಲಿ ಹೆಚ್ಚಿನವರು 'ಬೇಡ' ಎಂದರು. ಆದರೂ ರಾಜ್ಯ ಹೊರಬಿತ್ತು, ಹಾಗೆ ಬಿಟ್ಟವುಗಳಲ್ಲಿ ಕೊನೆಯದಾಗಿ. ಸಿಟ್ಟಾದ ಸ್ಕಾಟ್ ಕೌಂಟಿ 'ನಾವು ನಿಮ್ಮ ರಾಜ್ಯದಲ್ಲೇ ಇಲ್ಲ' ಅಂತ ಘೋಷಿಸಿಕೊಂಡಿತು!

ಅಸಲಿ ಕಥೆ ಆಮೇಲಿನದು. ನವೆಂಬರ್ 8ರ ರಾತ್ರಿ ಪೂರ್ವ ಭಾಗದಲ್ಲಿ ಒಕ್ಕೂಟದ ಪರ ಇದ್ದ ಸ್ಥಳೀಯರು ಐದು ರೈಲ್ವೆ ಸೇತುವೆಗಳಿಗೆ ಬೆಂಕಿ ಇಟ್ಟರು. ಉತ್ತರದ ಸೈನ್ಯ ನೆರವಿಗೆ ಬರುತ್ತದೆ ಅಂತ ನಂಬಿದ್ದರು, ಪಾಪ. ಬರಲಿಲ್ಲ. ಸಿಕ್ಕಿಬಿದ್ದವರಲ್ಲಿ ಐವರನ್ನು ದಕ್ಷಿಣದವರು ಗಲ್ಲಿಗೇರಿಸಿದರು. ಹೆಣಗಳನ್ನು ಸುಟ್ಟ ಸೇತುವೆಗಳ ಹತ್ತಿರ ನೇತಾಡಲು ಬಿಡಿ ಅಂತ ದಕ್ಷಿಣದ ಯುದ್ಧ ಮಂತ್ರಿ ಜೂಡಾ ಬೆಂಜಮಿನ್ ಬರೆದು ಕಳಿಸಿದ್ದ. ಗ್ರೀನ್‌ವಿಲ್‌ನಲ್ಲಿ ಇಬ್ಬರನ್ನು ರೈಲು ಹಳಿಯ ಪಕ್ಕದಲ್ಲೇ ನೇತುಹಾಕಿದರು. ಅದು, ರಾಜ್ಯ ಹೊರಬಿದ್ದರೂ ಒಕ್ಕೂಟದ ಸೆನೆಟ್‌ (ಸಂಸತ್ತಿನ ಮೇಲ್ಮನೆ) ಬಿಡದೆ ಉಳಿದ ಟೆನೆಸೀಯ ಸೆನೆಟರ್ ಆಂಡ್ರ್ಯೂ ಜಾನ್ಸನ್‌ನ ಸ್ವಂತ ಊರು.

ದೊಡ್ಡ ಕಾಳಗಗಳೂ ನಡೆದವು. 1862ರ ಫೆಬ್ರವರಿಯಲ್ಲೇ ರಾಜಧಾನಿ ನ್ಯಾಶ್‌ವಿಲ್ ಉತ್ತರದವರ ಕೈಸೇರಿತು, ಏಪ್ರಿಲ್‌ನಲ್ಲಿ ಶೈಲೋ ಕದನ. ಆದರೆ ವಿಚಿತ್ರ ನೋಡಿ, ರಾಜಧಾನಿ ಬಿದ್ದ ಮೇಲೂ ಒಕ್ಕೂಟದ ಪರ ಇದ್ದ ಪೂರ್ವದವರು ಒಂದೂವರೆ ವರ್ಷ ಕಾಯಬೇಕಾಯಿತು. ಉತ್ತರದ ಜನರಲ್ ಬರ್ನ್‌ಸೈಡ್‌ನ ಸೈನ್ಯ ಪೂರ್ವ ಭಾಗದ ನಾಕ್ಸ್‌ವಿಲ್ ನಗರ ತಲುಪಿದ್ದು 1863ರ ಸೆಪ್ಟೆಂಬರ್‌ನಲ್ಲಿ.