ಪಾಶ್ಚಾತ್ಯ ಶಾಸ್ತ್ರೀಯವೂ ಅಲ್ಲದ, ಜಾಝ್ ಕೂಡ ಅಲ್ಲದ ಪಿಯಾನೊ ಸಂಗೀತವನ್ನು ಎಲ್ಲಿಂದ ಕೇಳಲಾರಂಭಿಸಬೇಕು?

ಹಿಂದೂಸ್ತಾನಿ ಗಾಯನ ಕೇಳಿ ಬೆಳೆದ ತಮಗೆ ಪಿಯಾನೊದ ನಾದ ಇಷ್ಟವಾದರೂ ಮೊಝಾರ್ಟ್ ದೂರವೆನಿಸುತ್ತದೆ, ಜಾಝ್ ತಲೆಗೆ ಹತ್ತುವುದಿಲ್ಲ, ಇವೆರಡರಾಚೆ ಈ ಕಾಲದ ಪಿಯಾನೊ ಸಂಗೀತದಲ್ಲಿ ಏನಿದೆ ಎಂದು ಕೇಳಿದ್ದೀರಿ. ನಾನು ಪಿಯಾನೊ ವಾದಕನಲ್ಲ. ಧಾರವಾಡದಲ್ಲಿ ತಂಬೂರಿಯ ಪಕ್ಕದಲ್ಲಿ ಕುಳಿತು ಗಾಯನ ಕಲಿತವನು. ಹಾಗಾಗಿ ನನ್ನ ಉತ್ತರವೂ ತಂಬೂರಿಯ ಕಡೆಯಿಂದಲೇ ಬರುತ್ತದೆ.

ಪಿಯಾನೊ ನಮ್ಮ ಕಿವಿಗೆ ಒಗ್ಗದಿರುವುದಕ್ಕೆ ಅದರಲ್ಲಿ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವ ನಡೆ, ಇಲ್ಲದಿರುವುದೊಂದೇ ಕಾರಣವಲ್ಲ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಶ್ರುತಿಗೊಳಿಸುವ ಆ ವಾದ್ಯದ ಶುದ್ಧ ಗಾಂಧಾರವು (ಗ ಸ್ವರವು), ತಂಬೂರಿಯ ಖರಜದ (ಕೆಳ ಷಡ್ಜದ) ತಂತಿಯಿಂದ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರಕ್ಕಿಂತ ಅರ್ಧಸ್ವರದ (ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ) ಏಳನೆಯ ಒಂದು ಪಾಲಿನಷ್ಟು ಏರಿರುತ್ತದೆ. ಹಾರ್ಮೋನಿಯಂ ಬಗ್ಗೆ ನಮ್ಮ ಹಿರಿಯರು ತೆಗೆಯುತ್ತಿದ್ದ ತಕರಾರೂ ಬಹುಮಟ್ಟಿಗೆ ಇದೇ. ಈ ತಕರಾರನ್ನು ಪಿಯಾನೊದ ಒಳಗೇ ಕೈಹಾಕಿ ತೀರಿಸಿಕೊಂಡವರು ಅಮೆರಿಕದ ಸಂಗೀತ ರಚನಕಾರರಾದ ಲಾ ಮಾಂಟೆ ಯಂಗ್ ಮತ್ತು ಟೆರಿ ರೈಲಿ. ಇಬ್ಬರೂ ೧೯೭೦ರಲ್ಲಿ ಹಿಂದೂಸ್ತಾನಿ ಗಾಯಕ ಪಂಡಿತ ಪ್ರಾಣನಾಥರ ಶಿಷ್ಯರಾದವರು. ಪ್ರಾಣನಾಥರು ಅಬ್ದುಲ್ ವಹೀದ್ ಖಾನರ ಶಿಷ್ಯರು, ಅಂದರೆ ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರು ಹಾಡಿದ ಕಿರಾನಾ ಘರಾನೆಯ, ಅಂದರೆ ಅದೇ ಗಾಯನ ಪರಂಪರೆಯವರೇ. ನಮ್ಮೂರಿನ ದಾರಿ ನ್ಯೂಯಾರ್ಕಿನ ಪಿಯಾನೊದವರೆಗೆ ಹೀಗೆ ಹೋಗಿದೆ ಎಂಬುದು ನನಗೆ ತೀರ ತಡವಾಗಿ ತಿಳಿಯಿತು.

ಯಂಗ್ ಅವರ 'ದಿ ವೆಲ್-ಟ್ಯೂನ್ಡ್ ಪಿಯಾನೊ' ೧೯೬೪ರಲ್ಲಿ, ಎಂದರೆ ಗುರುವಿನ ಭೇಟಿಗೂ ಮೊದಲೇ ಶುರುವಾದದ್ದು. ೧೯೮೧ರ ಅದರ ಧ್ವನಿಮುದ್ರಣ ಐದು ಗಂಟೆ ಮೀರುತ್ತದೆ. ವಿಚಿತ್ರವೆಂದರೆ ಅದರ ಶ್ರುತಿ ವ್ಯವಸ್ಥೆಯಲ್ಲಿ ಸ್ವಯಂಭೂ ಗಾಂಧಾರಕ್ಕೆ ಜಾಗವೇ ಇಲ್ಲ. ಅವರು ಅದನ್ನು ಬೇಕೆಂದೇ ಬಿಟ್ಟಿದ್ದಾರೆ. ಆದ್ದರಿಂದ ತಾವು ರೈಲಿ ಅವರ 'ದಿ ಹಾರ್ಪ್ ಆಫ್ ನ್ಯೂ ಆಲ್ಬಿಯನ್' (೧೯೮೬) ಕೃತಿಯಿಂದ ಆರಂಭಿಸುವುದು ಮೇಲು. ಅದರಲ್ಲಿ ಪಿಯಾನೊವನ್ನು ಕಪ್ಪು ಒಂದರ (ಸಿ ಶಾರ್ಪ್) ಷಡ್ಜಕ್ಕೆ ಸಹಜ ಶ್ರುತಿಯಲ್ಲಿ, ಅಂದರೆ ಸಮಭಾಗ ಮಾಡದೆ ತಂಬೂರಿಯಂತೆ ಸಹಜ ಅಂತರಗಳಲ್ಲಿ, ಕೂಡಿಸಿ, ಆಮೇಲೆ ತಂತಿಗಳನ್ನು ಮುಟ್ಟದೆಯೇ ಒಂದೊಂದು ಭಾಗದಲ್ಲಿ ಒಂದೊಂದು ಸ್ವರವನ್ನು ಷಡ್ಜವಾಗಿ ಹಿಡಿದು ನುಡಿಸಿದ್ದಾರೆ. ಹೀಗೆ ಷಡ್ಜವನ್ನು ಸರಿಸುವ ಮೂರ್ಛನೆ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಕೆಲವು ಸ್ವರಜೋಡಿಗಳು ಒರಟಾಗಿ ಕೇಳಿಸುತ್ತವೆ. ಅದು ತಪ್ಪಲ್ಲ, ಷಡ್ಜ ಬದಲಿಸಿದ್ದಕ್ಕೆ ತೆತ್ತ ಬೆಲೆ.

ಇಷ್ಟು ಕಠಿಣವಾದದ್ದು ಬೇಡವೆನಿಸಿದರೆ ಇಥಿಯೋಪಿಯಾದ ಸನ್ಯಾಸಿನಿ ಎಮಾಹೊಯ್ ತ್ಸೆಗೆ-ಮರಿಯಮ್ ಗೆಬ್ರು (೧೯೨೩–೨೦೨೩) ಅವರನ್ನು ಕೇಳಿ. ಬಾಲ್ಯದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಓದಿ, ಮುಂದೆ ಜೆರುಸಲೇಮಿನ ಮಠದಲ್ಲಿ ಬಾಳಿದ ಅವರ ಸಂಗೀತ ಲೋಕಕ್ಕೆ ಹೆಚ್ಚಾಗಿ ತಲುಪಿದ್ದು ೨೦೦೬ರ 'ಎತಿಯೋಪಿಕ್' ಮಾಲಿಕೆಯ ೨೧ನೆಯ ಸಂಪುಟದಿಂದ. ಅವರ ನಾಡಿನ 'ತಿಜಿತಾ' ಮಟ್ಟಿನ ಒಂದು ರೂಪದಲ್ಲಿ ಸ ರಿ ಗ ಪ ಧ ಎಂಬ ಐದೇ ಸ್ವರಗಳಿವೆ, ಎಂದರೆ ನಮ್ಮ ಭೂಪ ರಾಗದ ಸ್ವರಗಳೇ. ಆದರೆ ಅದನ್ನು ಭೂಪವೆಂದು ಭಾವಿಸಿ ಕೇಳಿದರೆ ದಾರಿ ತಪ್ಪುತ್ತೀರಿ. ಲಯ ತಾಳಕ್ಕೆ ಕಟ್ಟುಬೀಳದೆ ಉಸಿರಿನಂತೆ ಹಿಗ್ಗಿ ಕುಗ್ಗುತ್ತದೆ. ಮೀಂಡ್ ಇಲ್ಲದ ವಾದ್ಯದಲ್ಲಿ ಕಣಸ್ವರಗಳಿಂದಲೇ (ಮುಖ್ಯ ಸ್ವರಕ್ಕೆ ಮುನ್ನ ಕ್ಷಣಮಾತ್ರ ತಾಗಿ ಹೋಗುವ ಸ್ವರಗಳಿಂದಲೇ) ಸ್ವರವನ್ನು ಬಳುಕಿಸಿದಂಥ ಭಾಸ ಹುಟ್ಟಿಸುವ ಅವರ ಕೈ ನನಗೆ ಬೇರೆಲ್ಲರಿಗಿಂತ ಹತ್ತಿರದ್ದು.

ನಿದ್ರೆಗೂ ಓದಿಗೂ ಹಿನ್ನೆಲೆಯಾಗಿ ಈಗ ಸಿಗುವ ಮೆಲುದನಿಯ ಪಿಯಾನೊದಲ್ಲಿ ಬಹುಪಾಲು ಸಕ್ಕರೆ ಪಾನಕ. ಜರ್ಮನಿಯ ನಿಲ್ಸ್ ಫ್ರಾಮ್ ಅವರ 'ಫೆಲ್ಟ್' (೨೦೧೧) ಮಾತ್ರ ಬೇರೆ: ರಾತ್ರಿ ನೆರೆಯವರಿಗೆ ತೊಂದರೆಯಾಗದಿರಲೆಂದು ಅವರು ತಂತಿಗಳ ಮೇಲೆ ಉಣ್ಣೆಯ ದಪ್ಪ ಬಟ್ಟೆ ಹಾಸಿ, ಮೈಕನ್ನು ವಾದ್ಯದ ಒಳಕ್ಕೇ ಇಳಿಸಿದ್ದರಿಂದ ಸುತ್ತಿಗೆಗಳ ಸಪ್ಪಳ, ಮರದ ಕಿರುಗುಟ್ಟುವಿಕೆ, ವಾದಕನ ಉಸಿರು ಎಲ್ಲವೂ ಕೇಳಿಸುತ್ತವೆ.

ಇವು ಯಾವುದನ್ನೂ ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಅದರಲ್ಲಿ ಪಿಯಾನೊದ ಕೆಳದನಿಯ ತಂತಿಗಳು ಬಹುತೇಕ ಅಳಿಸಿಹೋಗುತ್ತವೆ. ಮನೆಯಲ್ಲಿ ಕೀಬೋರ್ಡ್ ಇದ್ದರೆ ಮೊದಲು ಒಂದು ಕೆಲಸ ಮಾಡಿ: ತಂಬೂರಿಯನ್ನು ಅದೇ ಷಡ್ಜಕ್ಕೆ ಕೂಡಿಸಿ, ಕೀಬೋರ್ಡಿನ ಗಾಂಧಾರವನ್ನು ಒತ್ತಿ ಹಿಡಿದು ಎರಡೂ ಗಾಂಧಾರಗಳು ಒಂದನ್ನೊಂದು ಉಜ್ಜುವುದನ್ನು ಕೇಳಿ. ರೈಲಿಯ ಧ್ವನಿಮುದ್ರಣವನ್ನು ಅದಾದ ಮೇಲೆ ಹಚ್ಚಿ.